ಅರವತ್ತು ದಾಟಿದರೆ ಕೂಗುವ ಗಾಡಿ

ನಮ್ಮ ಪಿಕಪ್ ಗಾಡಿ ಐವತ್ತೈದರ ವೇಗದವರೆಗೆ ಸುಮ್ಮನಿರುತ್ತಿತ್ತು. ಮುಳ್ಳು ಅರವತ್ತು ಮುಟ್ಟಿತೆಂದರೆ ಎಲ್ಲಿಂದಲೋ ಊಳಿಡುವ ಸದ್ದೊಂದು ಹೊರಡುತ್ತಿತ್ತು. ಎಪ್ಪತ್ತಕ್ಕೆ ಹೋದರೆ ಅದು ಕ್ಯಾಬಿನ್ನನ್ನೆಲ್ಲ ತುಂಬಿಕೊಂಡು ಪಕ್ಕದಲ್ಲಿ ಕೂತವರ ಮಾತನ್ನು ನುಂಗಿಹಾಕುತ್ತಿತ್ತು. ಖಾಲಿ ಬಾಟಲಿಯ ಬಾಯಿಗೆ ತುಟಿ ತಾಗಿಸಿ ಊದಿದರೆ ಬರುತ್ತದಲ್ಲ, ಅಂಥ ಸದ್ದು. ಬೇರೆ ಸಮಯವಾಗಿದ್ದರೆ ನಾನು ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೆಸರಘಟ್ಟದ ಕಡೆಯ ನಮ್ಮ ನರ್ಸರಿಯಿಂದ ಸಸಿ, ಕುಂಡ ತುಂಬಿಕೊಂಡು ಹೋಗಿ ಅಮೃತಹಳ್ಳಿ, ಜಕ್ಕೂರಿನ ಅಪಾರ್ಟ್‌ಮೆಂಟುಗಳಲ್ಲಿ ಇಳಿಸಿ ಬರುವ ಗಾಡಿ ಅದು. ಕ್ರೋಟನ್ ಗಿಡಗಳಿಗೆ ಸದ್ದಿನ ಗೊಡವೆಯಿಲ್ಲ. ಆದರೆ ಆ ಮೂರು ವಾರ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ಅಪ್ಪ. ಅಪ್ಪನ ದನಿ ಹೋಗುತ್ತಿತ್ತು.

ಗಂಟಲಿನ ಗಡ್ಡೆ ಎರಡನೇ ಸಲ ಬಂದಿತ್ತು. ಈ ಸಲ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದರು. ನನಗೆ ಇಂಗ್ಲಿಷಿನಲ್ಲಿ ಹೇಳಿದರು, ಅಪ್ಪನ ಮುಂದೆಯೇ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಫಿಸಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಮಾಡಿದವಳು. ಬೆಳಗ್ಗೆ ಸಸಿಗಳಿಗೆ ನೀರು ಹಾಕಿ, ಎರಡು ಬಸ್ಸು ಬದಲಿಸಿ ಯಲಹಂಕದ ಕಾಲೇಜಿಗೆ ಹೋಗಿ ಓದಿದ್ದೇನೆ. ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಆವತ್ತು ಮಾತ್ರ ಡಾಕ್ಟರ ಮಾತನ್ನು ಕನ್ನಡಕ್ಕೆ ತರುವಾಗ ನನ್ನ ನಾಲಿಗೆ ತೊಡರಿತು. "ಮಾತಾಡೋದು ಸ್ವಲ್ಪ ಕಷ್ಟ ಆಗುತ್ತಂತೆ ಅಪ್ಪ" ಎಂದೆ. ಅಪ್ಪ ನನ್ನ ಮುಖ ನೋಡಿ ತಲೆಯಾಡಿಸಿದ. ಅವನಿಗೆ ಅರ್ಥವಾಗಿತ್ತು.

ಬೇರೆಯವರಿಗೆ ದನಿ ಹೋದರೆ ಕಾಗದದ ಮೇಲೆ ಬರೆದಾದರೂ ತೋರಿಸುತ್ತಾರೆ. ಅಪ್ಪನಿಗೆ ಓದು ಬರಹವಿಲ್ಲ. ಲೈಸೆನ್ಸಿಗಾಗಿ ಸಹಿ ಹಾಕುವುದೊಂದನ್ನು ಕಲಿತಿದ್ದ, ಅದೂ ಚಿತ್ರ ಬರೆದ ಹಾಗೆ. ಯಶವಂತಪುರದ ಯಾರ್ಡಿನಿಂದ ಈರುಳ್ಳಿ, ಆಲೂಗಡ್ಡೆಯ ಲಾರಿಗಳನ್ನು ಮೂವತ್ತು ವರ್ಷ ಓಡಿಸಿದ. ಎಲ್ಲ ಊರುಗಳ ದಾರಿಯನ್ನೂ ಮರ, ಬಂಕು, ತಿರುವುಗಳ ಗುರುತಿನಲ್ಲೇ ಇಟ್ಟುಕೊಂಡಿದ್ದ. ಅವನ ಹತ್ತಿರ ಇದ್ದದ್ದು ಮಾತೊಂದೇ. ಆ ಮಾತೂ ಮನೆಯಲ್ಲಿ ಬರುತ್ತಿರಲಿಲ್ಲ. ಅವ್ವ ಹತ್ತು ಕೇಳಿದರೆ ಒಂದಕ್ಕೆ ಊಂ, ಒಂದಕ್ಕೆ ಊಹೂಂ. ಗಾಡಿ ಉರುಳತೊಡಗಿದ ಮೇಲೆ, ಕಣ್ಣು ರಸ್ತೆಯ ಮೇಲಿರುವಾಗ ಮಾತ್ರ ಅವನ ಬಾಯಿ ಬಿಚ್ಚುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಮಾತೂ ನಿಲ್ಲುತ್ತಿತ್ತು, ಹಸಿರು ಬಿದ್ದರೆ ಬಿಟ್ಟ ಪದದಿಂದಲೇ ಮತ್ತೆ ಶುರು. ಚಿಕ್ಕವಳಾಗಿದ್ದಾಗಿನಿಂದ ನಾನು ಅಪ್ಪನನ್ನು ತಿಳಿದುಕೊಂಡದ್ದೆಲ್ಲ ಗಾಡಿಯ ಸೀಟಿನಲ್ಲಿ ಕೂತು.

ಕಾಯಿಲೆ ಬಂದ ಮೇಲೆ ಸ್ಟೀರಿಂಗ್ ನನ್ನ ಕೈಗೆ ಬಂತು. ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆಗಳಿಗೆಂದು ವಾರಕ್ಕೆ ಎರಡು ಸಲ ಹೆಬ್ಬಾಳದ ಆಚೆಯ ಆಸ್ಪತ್ರೆಗೆ ಹೋಗಬೇಕಾಗಿತ್ತು. ಯಲಹಂಕ ದಾಟಿ ಏರ್‌ಪೋರ್ಟ್ ರಸ್ತೆಗೆ ಬಿದ್ದ ಮೇಲೆ ಅಪ್ಪ ಮಾತಾಡುತ್ತಿದ್ದ. ದನಿಯಲ್ಲ, ಗಾಳಿ ಉಜ್ಜಿದ ಹಾಗೆ ಒಂದು ಪಿಸುಗುಡುವಿಕೆ. ಅದೇ ರಸ್ತೆಯಲ್ಲಿ ಗಾಡಿಯೂ ಕೂಗುತ್ತಿತ್ತು. ನಿಧಾನವಾಗಿ ಓಡಿಸಿ ನೋಡಿದೆ. ಹಿಂದಿನಿಂದ ಬಸ್ಸುಗಳು ಹಾರ್ನ್ ಹಾಕಿಕೊಂಡು ಮೈಮೇಲೆ ಬಂದವು, ಅಪ್ಪ ಕೈಯಲ್ಲೇ 'ತುಳಿ, ತುಳಿ' ಎಂದು ಸನ್ನೆ ಮಾಡಿ ಮಾತನ್ನೇ ನಿಲ್ಲಿಸಿದ. ಮತ್ತೆ ತುಳಿದೆ. ಅವನ ತುಟಿ ಅಲ್ಲಾಡುವುದು ಓರೆಗಣ್ಣಿನಲ್ಲಿ ಕಾಣುತ್ತಿತ್ತು. ಐದಾರು ಮಾತಿಗೊಂದು ಪದ ಸಿಕ್ಕುತ್ತಿತ್ತು: 'ಘಾಟಿ', 'ಆವಾಗ', 'ನಿಮ್ಮವ್ವ'. ನಾನು ಹೂಂ ಎನ್ನುತ್ತಿದ್ದೆ.

ತಿಳಿಯದಿದ್ದರೂ ತಲೆಯಾಡಿಸುವುದನ್ನು ನಾನು ಕಲಿತದ್ದು ಡಿಗ್ರಿಯ ಮೊದಲ ವರ್ಷದಲ್ಲಿ. ಕನ್ನಡ ಶಾಲೆಯಿಂದ ಬಂದವಳಿಗೆ ಇಂಗ್ಲಿಷಿನ ಪಾಠ ತಲೆಗೆ ಹೋಗುತ್ತಿರಲಿಲ್ಲ. ಮೇಷ್ಟ್ರು ಅರ್ಥವಾಯ್ತಾ ಎಂದು ನನ್ನ ಕಡೆಗೇ ನೋಡುತ್ತಿದ್ದರು. ಇಲ್ಲ ಎಂದರೆ ಹಿಂದಿನ ಬೆಂಚಿನವರ ನಗು. ಹಾಗಾಗಿ ಹೂಂ ಎಂದು ತಲೆಯಾಡಿಸಿ, ಆಮೇಲೆ ಲೈಬ್ರರಿಯಲ್ಲಿ ಡಿಕ್ಷನರಿ ಇಟ್ಟುಕೊಂಡು ಒಬ್ಬಳೇ ಒದ್ದಾಡುತ್ತಿದ್ದೆ. ಹಾಗೇ ಪಾಸಾದೆ. ಆ ಅಭ್ಯಾಸ ನನ್ನನ್ನು ದಡ ಮುಟ್ಟಿಸಿತು ಎಂದು ಅಂದುಕೊಂಡಿದ್ದೆ.

ಎರಡನೇ ಸಲ ಹೋಗುವಾಗ, ಜಕ್ಕೂರಿನ ಹತ್ತಿರ, ಅಪ್ಪ ಬಹಳ ಹೊತ್ತು ಒಂದೇ ಸಮನೆ ಏನನ್ನೋ ಹೇಳಿದ. ಹೇಳಿ ಮುಗಿಸಿ ನನ್ನ ಕಡೆ ತಿರುಗಿದ. ಓಡುವ ಗಾಡಿಯಲ್ಲಿ ರಸ್ತೆ ಬಿಟ್ಟು ಅಪ್ಪ ಬೇರೆ ಕಡೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಅವನು ಉತ್ತರಕ್ಕೆ ಕಾಯುತ್ತಿದ್ದ. ಗಾಳಿ ಹೋ ಎನ್ನುತ್ತಿತ್ತು. ನನಗೆ ಒಂದು ಪದವೂ ಕೇಳಿಸಿರಲಿಲ್ಲ.

"ಹೂಂ ಅಪ್ಪ" ಎಂದೆ.

ಅಪ್ಪ ಎರಡು ಬೆರಳಿನಿಂದ ಡ್ಯಾಶ್‌ಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಡ್ರೈವರುಗಳು ಬೆಳಗ್ಗೆ ಗಾಡಿ ಹತ್ತುವಾಗ ಹಾಗೆ ಮಾಡುತ್ತಾರೆ, ನಡುದಾರಿಯಲ್ಲಿ ಮಾಡುವುದಿಲ್ಲ. ಆಮೇಲೆ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಕಾಯಿಲೆ ಶುರುವಾದ ಮೇಲೆ ಅವನ ಮುಖ ಅಷ್ಟು ಹಗುರವಾದದ್ದು ಅದೇ ಮೊದಲು. ನಾನು ಏನಕ್ಕೋ ಮಾತು ಕೊಟ್ಟಿದ್ದೆ. ಏನಕ್ಕೆ ಎಂಬುದು ಗೊತ್ತಿರಲಿಲ್ಲ.

ಮನೆಯಲ್ಲಿ ಅವ್ವನನ್ನು ಕೇಳಿದೆ. "ನಂಗೇನ್ ಗೊತ್ತವ್ವ, ಅದು ನಿಮ್ಮಿಬ್ರ ಗಾಡಿ ಮಾತು" ಎಂದಳು. ಅಪ್ಪನ ಹತ್ತಿರ ಹೋಗಿ ಸುತ್ತಿಬಳಸಿ, "ಅವತ್ತು ಹೇಳಿದ್ಯಲ್ಲಪ್ಪ, ಅದು..." ಎಂದು ಎಳೆದೆ. ನಾನು ಧೈರ್ಯ ಹೇಳಲು ಬಂದೆನೆಂದು ತಿಳಿದು ಅವನು ನನ್ನ ಕೈಯನ್ನು ಒತ್ತಿ ನಕ್ಕ. ಕೇಳಿಸಲಿಲ್ಲ ಎಂದು ಆ ನಗುವಿನ ಎದುರಿಗೆ ಹೇಳಲಾಗಲಿಲ್ಲ. ಆಗಲೇ ನಿಶ್ಚಯಿಸಿದೆ, ಗಾಡಿಯ ಸದ್ದನ್ನು ನಿಲ್ಲಿಸಬೇಕು. ಸದ್ದು ನಿಂತರೆ ಅಪ್ಪ ಮತ್ತೆ ಮಾತಾಡುತ್ತಾನೆ, ಎಲ್ಲಾದರೂ ಒಂದು ಕಡೆ ಆ ವಿಷಯ ಎತ್ತುತ್ತಾನೆ, ಆಗ ನನಗೆ ಗೊತ್ತಾಗುತ್ತದೆ. ಎದುರಿಗೆ ಎರಡು ವಾರವಿತ್ತು.

ಅಬ್ಬಿಗೆರೆಯಲ್ಲಿ ನಮಗೆ ಪರಿಚಯದ ಟಿಂಕರಿಂಗ್ ಮೇಸ್ತ್ರಿ ಒಬ್ಬರಿದ್ದರು. ತಗಡಿನ ಕೆಲಸ, ಬಾಗಿಲು, ಗಾಜು ಎಲ್ಲ ಅವರೇ. ನಾನು ಸದ್ದಿನ ವಿಷಯ ಹೇಳಿದಾಗ ಬೀಡಿ ಪಕ್ಕಕ್ಕಿಟ್ಟು, "ಬಿಎಸ್ಸಿ ಮೇಡಮ್ಮೋರೆ, ಗೂಡ್ಸ್ ಗಾಡಿ ಅಂದ್ಮೇಲೆ ಗಾಳಿ ಸದ್ದು ಇದ್ದಿದ್ದೇ. ಇದೇನ್ ಏರೋಪ್ಲೇನಾ?" ಎಂದರು.

"ಏರೋಪ್ಲೇನ್ ದಿನಾ ತಲೆ ಮೇಲೇ ಹೋಗುತ್ತೆ ಮೇಸ್ತ್ರಿ. ಅದೇ ಇಷ್ಟು ಕೂಗಲ್ಲ" ಎಂದೆ.

ಅವರು ನಕ್ಕು ಬಾಗಿಲಿನಿಂದ ಶುರುಮಾಡಿದರು. ಬಾಗಿಲಿನ ಸಂದಿಗೆ ಹಳೆಯ ಬಸ್ ಟಿಕೆಟ್ಟೊಂದನ್ನು ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡುವುದು. ಬಿಗಿಯಾಗಿ ಬಂದರೆ ಅಲ್ಲಿ ರಬ್ಬರು ಸರಿ ಇದೆ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿಗೆ ದಾರಿ ಇದೆ ಎಂದು. ಎಡಬಾಗಿಲ ಮೇಲಿನ ಮೂಲೆಯಲ್ಲಿ ಟಿಕೆಟ್ಟು ಜಾರಿತು. ಸಿಕ್ಕಿತು ಎಂದುಕೊಂಡೆ. ರಬ್ಬರು ಬದಲಿಸಿ, ಬಾಗಿಲಿನ ಹಿಂಜು ಬಿಗಿಸಿ, ಏರ್‌ಪೋರ್ಟ್ ರಸ್ತೆಗೆ ಹೋಗಿ ಅರವತ್ತು ಮುಟ್ಟಿಸಿದೆ. ಕೂಗಿತು.

ಆಮೇಲೆ ಪಕ್ಕದ ಕನ್ನಡಿ ಬಿಚ್ಚಿ ನೋಡಿದೆವು. ಟಾರ್ಪಾಲು ಕಟ್ಟುವ ಕಬ್ಬಿಣದ ಕೊಳವೆಗಳ ಬಾಯಿ ತೆರೆದಿತ್ತು, ಕೊಳಲಿನ ಹಾಗೆ ಊದುತ್ತಿರಬಹುದೆಂದು ಚಿಂದಿ ತುರುಕಿದೆ. ಪೆಡಲುಗಳ ಹಿಂದೆ ವೈರು ಹೋಗುವ ತೂತುಗಳಿಗೆ ಮಯಣ ಮೆತ್ತಿದೆ. ಒಂದೊಂದು ಸಲವೂ ಖಾಲಿ ಗಾಡಿಯನ್ನು ಯಲಹಂಕದಾಚೆಗೆ ಓಡಿಸಿಕೊಂಡು ಹೋಗುವುದು, ಉಸಿರು ಹಿಡಿದು ಮುಳ್ಳು ನೋಡುವುದು, ಅದು ಕೂಗುವುದು. ಸಸಿಗೆ ಕಾದ ಗಿರಾಕಿಗಳು ಫೋನು ಮಾಡುತ್ತಿದ್ದರು. ಎತ್ತುತ್ತಿರಲಿಲ್ಲ. ಮಧ್ಯೆ ಮಧ್ಯೆ ಅಪ್ಪನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗುತ್ತಿದ್ದೆ. ಅವನ ಪಿಸುಮಾತು ಸಲದಿಂದ ಸಲಕ್ಕೆ ತೆಳುವಾಗುತ್ತಿತ್ತು. ನನ್ನ ಹೂಂ ಮಾತ್ರ ಹಾಗೇ ಇತ್ತು.

ಅಪ್ಪ ಆಸ್ಪತ್ರೆಗೆ ದಾಖಲಾಗುವ ಹಿಂದಿನ ದಿನ ಮೇಸ್ತ್ರಿ ಪೇಂಟಿಂಗಿಗೆ ಬಳಸುವ ಕಾಗದದ ಟೇಪಿನ ಸುರುಳಿಗಳನ್ನು ತೆಗೆದರು. ಎರಡೂ ಬಾಗಿಲು, ಗಾಜಿನ ಸುತ್ತ, ಬಾನೆಟ್ಟಿನ ಅಂಚು, ದೀಪಗಳ ಸಂದು, ಎಲ್ಲವನ್ನೂ ಮುಚ್ಚಿದೆವು. ಬಾಗಿಲ ಟೇಪನ್ನು ನಾನು ಒಳಗೆ ಕೂತ ಮೇಲೆ ಅವರೇ ಹೊರಗಿನಿಂದ ಅಂಟಿಸಿ, ತಮ್ಮ ಬೈಕಿನಲ್ಲಿ ಹಿಂದೆ ಬಂದರು. ಬ್ಯಾಂಡೇಜು ಸುತ್ತಿದ ಆ ಗಾಡಿಯನ್ನು ರಸ್ತೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಅರವತ್ತಕ್ಕೆ ಅದು ಮತ್ತೆ ಕೂಗಿತು. ಮೊದಲಿಗಿಂತ ಸ್ಪಷ್ಟವಾಗಿ ಕೂಗಿತು, ಬೇರೆ ಸಣ್ಣ ಸದ್ದುಗಳೆಲ್ಲ ನಿಂತಿದ್ದವಲ್ಲ.

ಗಾಡಿ ಪಕ್ಕಕ್ಕೆ ಹಾಕಿ, ಟೇಪು ಹರಿದು ಇಳಿದು, ಸರ್ವಿಸ್ ರಸ್ತೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಮೇಸ್ತ್ರಿ ಬೈಕು ನಿಲ್ಲಿಸಿ ಬಂದರು. "ಎಲ್ಲಾ ಮುಚ್ಚಾಯ್ತು. ಒಂದೇ ಉಳಿದಿರೋದು" ಎಂದು ಗಾಡಿಯ ನೆತ್ತಿಯ ಕಡೆ ಗದ್ದ ಎತ್ತಿ ತೋರಿಸಿದರು.

ಅಲ್ಲಿದ್ದದ್ದು ಬೋರ್ಡು. ಮುಂದಿನ ಗಾಜಿನ ಮೇಲೆ, ಕ್ಯಾಬಿನ್ನಿನ ಹಣೆಗೆ ನಿಲ್ಲಿಸಿದ ಎರಡು ಪದರದ ತಗಡಿನ ಬೋರ್ಡು. ಮುಂದಿನ ತಗಡಿನಲ್ಲಿ ಅಕ್ಷರಗಳನ್ನು ಕೊರೆದು, ಒಳಗೆ ಬಲ್ಬು ಇಟ್ಟಿತ್ತು. ಅದರ ಮೇಲೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಎಸ್ಸಿ. ಮೂವತ್ತು ವರ್ಷ ಬೇರೆಯವರ ಮಕ್ಕಳ ಹೆಸರು ಹೊತ್ತ ಲಾರಿಗಳನ್ನು ಓಡಿಸಿದ ಅಪ್ಪ, ಸ್ವಂತ ಗಾಡಿ ಬಂದ ವಾರದಲ್ಲೇ ಮಾಡಿಸಿದ್ದು. ಓದು ಬಾರದ ಅವನಿಗೆ ಲೋಕದಲ್ಲಿ ಗುರುತು ಹಿಡಿಯಲು ಬರುತ್ತಿದ್ದ ಬರಹ ಅದೊಂದೇ. ನೆಂಟರಲ್ಲಿ ಕೆಲವರು, 'ಬಿಎಸ್ಸಿ ಓದಿ ಗೊಬ್ಬರ ಹೊರ್ತಾಳೆ' ಎಂದು ಆಡಿಕೊಂಡಾಗಲೂ ಅವನು ಅದನ್ನು ಇಳಿಸಲಿಲ್ಲ. ಆಯುಧಪೂಜೆಯಲ್ಲಿ ಮೊದಲ ಕುಂಕುಮ ಅದಕ್ಕೇ.

ಹೋದ ಆಯುಧಪೂಜೆಯಲ್ಲೂ ಅಪ್ಪ ಅದಕ್ಕೆ ದಪ್ಪ ಚೆಂಡುಹೂವಿನ ಹಾರವನ್ನು ತಂತಿ ಬಿಗಿದು ಕಟ್ಟಿದ್ದ. ಮೇಸ್ತ್ರಿ ಬಾನೆಟ್ಟಿನ ಮೇಲೆ ಮೊಣಕಾಲೂರಿ ಹತ್ತಿ ನೋಡಿದರು. ಆ ತಂತಿ ಬೋರ್ಡಿನ ಹಿಂದಿನ ರಬ್ಬರು ಪಟ್ಟಿಯನ್ನು ಎಬ್ಬಿಸಿಬಿಟ್ಟಿತ್ತು. ಗಾಳಿ ಅಕ್ಷರಗಳ ತೂತಿನಲ್ಲಿ ನುಗ್ಗಿ, ಪೊಳ್ಳಿನಲ್ಲಿ ಸುತ್ತಿ, ಹಿಂದಿನಿಂದ ಹೊರಡುತ್ತಿತ್ತು. ಹಾಕಿದ ಹಾರವನ್ನು ನಾವು ಕೈಯಾರೆ ಕೀಳುವುದಿಲ್ಲ, ಅದೇ ಒಣಗಿ ಉದುರಬೇಕು. ಹಾರ ಇರುವವರೆಗೂ ತೂತುಗಳು ಮುಚ್ಚಿದ್ದವು. ಕಾರ್ತಿಕ ಕಳೆದು ಕೊನೆಯ ಎಸಳು ಉದುರಿದ ಮೇಲೆ ಗಾಡಿ ಕೂಗತೊಡಗಿತ್ತು. ಪೊಳ್ಳಿನ ಬಾಯಿಗೆ ಗಾಳಿ ಬಡಿದರೆ ಏನಾಗುತ್ತದೆಂದು ಪರೀಕ್ಷೆಯಲ್ಲಿ ಬರೆದವಳು ನಾನು. ಸದ್ದು ಕೇಳಿದ ಮೊದಲ ದಿನವೇ ಬಾಟಲಿ ನೆನಪಾಗಿತ್ತು. ಆದರೂ ಆ ಬೋರ್ಡಿನ ಕಡೆ ನನ್ನ ಕಣ್ಣು ಹೋಗಲಿಲ್ಲ. ಅದು ಗಾಡಿಯ ಒಂದು ಭಾಗ ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

"ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು ಕಣಮ್ಮ" ಎಂದರು ಮೇಸ್ತ್ರಿ.

"ಮತ್ತೆ ಯಾಕ್ ಹೇಳ್ಲಿಲ್ಲ?"

"ಹೆಂಗ್ ಹೇಳ್ಲಿ? ಅದನ್ನ ಮಾಡ್ಕೊಟ್ಟವನು ನಾನೇ. ನಿಮ್ಮಪ್ಪೋರು ಎರಡು ದಿನ ನನ್ನ ಶೆಡ್ಡಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ರು. ಒಂದೊಂದ್ ಅಕ್ಷರ ಕೊರೆದಾಗ್ಲೂ ಎದ್ದು ಬಂದು ಬೆರಳಾಡಿಸಿ ನೋಡೋರು. ಅವ್ರು ಇಂಥಾ ಸ್ಥಿತೀಲಿರೋವಾಗ, ಆ ಬೋರ್ಡೇ ಕೂಗ್ತಿರೋದು ಅಂತ ನನ್ನ ಬಾಯಲ್ಲಿ ಬರ್ಬೇಕಾ?"

ಅವರು ಮರ್ಯಾದೆಗೆ ಸುಮ್ಮನಿದ್ದರು, ನಾನು ಮರ್ಯಾದೆಗೆ ಹೂಂ ಎಂದಿದ್ದೆ. ಹಾಗೆ ಎರಡು ವಾರ ಹೋಗಿತ್ತು.

ಅಕ್ಷರಗಳ ಹಿಂದೆ ಪಾರದರ್ಶಕ ಹಾಳೆ ಕೂರಿಸಿ, ಪಟ್ಟಿ ಹೊಸದು ಹಾಕಿದರೆ ಸರಿಹೋಗುತ್ತದೆ, ಆದರೆ ಹಾಳೆ ತರಿಸಲು ಎರಡು ದಿನ ಬೇಕು ಎಂದರು ಮೇಸ್ತ್ರಿ. ನನಗೆ ಎರಡು ದಿನವಿರಲಿಲ್ಲ. ಬೋರ್ಡಿನ ಉದ್ದಕ್ಕೂ ಕಂದು ಬಣ್ಣದ ಪ್ಯಾಕಿಂಗ್ ಟೇಪು ಎಳೆದು ಅಂಟಿಸಿದೆವು. ಗಾಡಿ ಎಪ್ಪತ್ತಕ್ಕೆ ಹೋಯಿತು. ಸದ್ದಿಲ್ಲ. ಮನೆಗೆ ಬರುವವರೆಗೂ ನಾಳೆ ಅಪ್ಪ ಮಾತಾಡುತ್ತಾನೆ, ನಾಳೆ ಅಪ್ಪ ಮಾತಾಡುತ್ತಾನೆ ಎಂದುಕೊಂಡು ಬಂದೆ.

ಬೆಳಗ್ಗೆ ಅಪ್ಪ ಬಟ್ಟೆಯ ಚೀಲ ಹಿಡಿದು ಹೊರಗೆ ಬಂದ. ಅವ್ವ ಅಡುಗೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು, ಬಾಗಿಲಲ್ಲಿ ನಿಂತಿದ್ದಳು. ಅಪ್ಪ ದಿನದಂತೆ ಗಾಡಿಯ ಮುಂದೆ ನಿಂತು ಕೈ ಮುಗಿಯಲು ತಲೆಯೆತ್ತಿದ. ಕೈಗಳು ಅರ್ಧಕ್ಕೆ ನಿಂತವು.

"ಇದ್ಯಾಕೆ ಮುಚ್ಚಿದ್ದೀಯ?" ಎಂದ. ಆ ಅಂಗಳದ ನಿಶ್ಶಬ್ದದಲ್ಲೂ ಅವನ ಮಾತಿಗೆ ಕಿವಿಗೊಡಬೇಕಿತ್ತು.

ಸುಳ್ಳು ಹೇಳಬಹುದಿತ್ತು. ಬಲ್ಬು ಕೆಟ್ಟಿದೆ ಎಂದರೆ ಸಾಕಿತ್ತು. ಆದರೆ ಅಷ್ಟು ದಿನಗಳ ಸುಳ್ಳು ಹೊತ್ತು ನನಗೂ ಸಾಕಾಗಿತ್ತು. "ಅದ್ರಿಂದಲೇ ಸದ್ದು ಬರ್ತಿತ್ತಪ್ಪ. ನೀನು ಹೇಳೋದು ಕೇಳಿಸ್ತಿರಲಿಲ್ಲ" ಎಂದೆ.

"ಕೇಳಿಸ್ತಿರ್ಲಿಲ್ವಾ?"

"ಇಲ್ಲಪ್ಪ."

ಅಪ್ಪ ನನ್ನನ್ನೇ ನೋಡುತ್ತ ನಿಂತ. "ಮತ್ತೆ, ಊಂ ಅಂತಿದ್ದೆ?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಪ್ಪ ಚೀಲವನ್ನು ಸೀಟಿನ ಮೇಲೆ ಇಟ್ಟು, ಡ್ಯಾಶ್‌ಬೋರ್ಡ್ ಮುಟ್ಟದೆ, ಹತ್ತಿ ಕೂತ.

ಆವತ್ತು ಗಾಡಿಯೊಳಗೆ ಎಲ್ಲವೂ ಕೇಳಿಸುತ್ತಿತ್ತು. ಪಾನಾ, ಸ್ಕ್ರೂಡ್ರೈವರಿನ ಪೆಟ್ಟಿಗೆಯ ಅಲುಗಾಟ, ಚೀಲದಲ್ಲಿ ಸ್ಟೀಲ್ ಲೋಟ ತಟ್ಟೆಗೆ ತಾಗುವುದು, ಟೈರಿನ ಅಡಿಯ ರಸ್ತೆಯ ಗೆರೆಗಳು. ರಾಜಾನುಕುಂಟೆ ಬಂತು, ಯಲಹಂಕ ಬಂತು. ಎಪ್ಪತ್ತರಲ್ಲಿ ಹೋಗುತ್ತಿದ್ದೆವು. ಅಪ್ಪನ ತುಟಿ ಅಲ್ಲಾಡಲಿಲ್ಲ. ಜಕ್ಕೂರಿನ ಹತ್ತಿರ ನಾನೇ ಬಾಯಿ ಬಿಟ್ಟೆ. "ಅವತ್ತು ಇಲ್ಲೇ ನೀನು ಏನೋ ಕೇಳ್ದೆ. ಏನಪ್ಪ ಅದು? ಇನ್ನೊಂದ್ಸಲ ಹೇಳು. ಏನಿದ್ರೂ ಮಾಡ್ತೀನಿ."

ಅವನು ರಸ್ತೆಯನ್ನೇ ನೋಡುತ್ತಿದ್ದ. "ಏನೂ ಇಲ್ಲ, ಬುಡು" ಎಂದ. ಸಿಟ್ಟಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ಪಿಸುಮಾತಿನಲ್ಲಿ ಸಿಟ್ಟು, ದುಃಖ, ಸುಸ್ತು ಎಲ್ಲಕ್ಕೂ ಒಂದೇ ದನಿ. ಒಂದು ಸಲ ಕೇಳುವುದಕ್ಕೆ ಅವನಿಗೆ ಎಷ್ಟು ದಿನ ಬೇಕಾಗಿತ್ತೋ. ಎರಡನೇ ಸಲಕ್ಕೆ ಅವನ ಹತ್ತಿರ ಏನೂ ಉಳಿದಿರಲಿಲ್ಲವೋ ಏನೋ.

ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ನನ್ನ ಕಣ್ಣು ಮಂಜಾಗಿತ್ತು. ಅಪ್ಪ ಸ್ಟೀರಿಂಗಿನ ಮೇಲೆ ಬೆರಳಿಟ್ಟು, "ಎಡಕ್ಕಿಡಿ. ಬಸ್ಸು ನುಗ್ತಾನೆ" ಎಂದ. ಎಡಕ್ಕೆ ಹಿಡಿದೆ. ಬಸ್ಸು ನುಗ್ಗಿ ಹೋಯಿತು. ಆಸ್ಪತ್ರೆಯಲ್ಲಿ ನರ್ಸು ಅವನ ಹೆಸರು ಕೇಳಿದಾಗ ಅವನು ನನ್ನ ಕಡೆ ಕೈ ತೋರಿಸಿದ, ನಾನೇ ಹೇಳಿದೆ. ಅಪ್ಪನ ಬಾಯಿಂದ ನಾನು ಕೇಳಿದ ಕೊನೆಯ ಮಾತು ಆ ಬಸ್ಸಿನದು.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು ಎಂದರು. ಅಪ್ಪ ಬದುಕಿದ್ದಾನೆ. ಕತ್ತಿನ ಬುಡದಲ್ಲಿ ಮಾಡಿದ ರಂಧ್ರದಿಂದ ಉಸಿರಾಡುತ್ತಾನೆ, ಅದರ ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿಕೊಳ್ಳುತ್ತಾನೆ. ಗಂಟಲಿಗೆ ಒತ್ತಿ ಮಾತಾಡುವ ಯಂತ್ರವೊಂದನ್ನು ಕೊಟ್ಟರು; ಅದರ ದನಿ ಕೇಳಿ ಅವನೇ ಬೆಚ್ಚಿ, ಬೀರುವಿನ ಮೇಲೆ ಎತ್ತಿಟ್ಟ. ನಾನು ಅಕ್ಷರ ಕಲಿಸುತ್ತೇನೆಂದು ಪಾಟಿ ತಂದೆ. ಎರಡು ದಿನ ಕೂತ. ಮೂರನೇ ದಿನ ಬಳಪವನ್ನು ನನ್ನ ಕೈಗಿಟ್ಟು ಸಸಿಗಳ ಕಡೆ ಎದ್ದು ಹೋದ. ಅವ್ವನ ವಿಷಯವಾ, ಜಮೀನಿನದಾ, ನನ್ನ ಮದುವೆಯದಾ ಎಂದು ಒಂದು ದಿನ ಮಗುವಿನ ಹಾಗೆ ಒಂದೊಂದೇ ಕೇಳುತ್ತ ಹೋದೆ. ಕೈಯೆತ್ತಿ ಸಾಕು ಎಂದ. ಕೊಟ್ಟ ಮಾತನ್ನು ನಾನು ಉಳಿಸುತ್ತಿದ್ದೇನೋ ಮುರಿಯುತ್ತಿದ್ದೇನೋ, ಅದು ಅವನೊಬ್ಬನಿಗೇ ಗೊತ್ತು.

ಮೇಸ್ತ್ರಿ ಹೇಳಿದಂತೆ ಹಾಳೆ ಕೂರಿಸಿ ಕೊಟ್ಟರು. ಅಕ್ಷರಗಳು ಮೊದಲಿನ ಹಾಗೇ ಕಾಣುತ್ತವೆ, ಗಾಡಿ ಎಂಬತ್ತಕ್ಕೂ ಕೂಗುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ಮೊದಲ ಸಲ ತೋರಿಸಲು ಆಸ್ಪತ್ರೆಗೆ ಹೊರಟಾಗ, ಯಲಹಂಕ ದಾಟಿದ ಮೇಲೆ ಕ್ಯಾಬಿನ್ನಿನಲ್ಲಿ ಒಂದು ಸದ್ದು ಕೇಳಿಸಿತು. ಸಣ್ಣಗೆ, ಒದ್ದೆಯಾಗಿ, ಒಳಗೆ ಹೊರಗೆ. ಮತ್ತೆ ಯಾವ ಸಂದು ಬಿಟ್ಟಿತು ಎಂದು ಬಾಗಿಲ ಕಡೆ ತಿರುಗಿದೆ. ಅಪ್ಪ ನಾನು ಹುಡುಕುವುದನ್ನು ನೋಡಿದ. ಅದು ಅವನ ಕತ್ತಿನಲ್ಲಿ ಉಸಿರು ಆಡುವ ಸದ್ದು. ನನಗಿಂತ ಮೊದಲೇ ಅವನಿಗೆ ಗೊತ್ತಾಗಿತ್ತು.

ಅವನು ಕೈ ಚಾಚಿ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದ. ಗಾಳಿ ನುಗ್ಗಿ ಎಲ್ಲವನ್ನೂ ಮುಚ್ಚಿತು. ಧೂಳು ಹೋಗುತ್ತಪ್ಪ, ಡಾಕ್ಟರು ಬೇಡ ಅಂದಿದ್ದಾರೆ ಎಂದು ಕೂಗಿ ಹೇಳಿದೆ. ಅವನು ರಸ್ತೆ ನೋಡುತ್ತ, ಹೂಂ ಎನ್ನುವ ಹಾಗೆ ತಲೆಯಾಡಿಸಿದ. ಗಾಜು ಏರಿಸಲಿಲ್ಲ.